ಏರಿಯ ಮೇಲಿನ ದಾರಿ

ಶ್ರೀರಂಗಪಟ್ಟಣದವರಿಗೆ ಕಾವೇರಿಯುಂಟು, ಶಿವಮೊಗ್ಗದವರಿಗೆ ತುಂಗೆಯುಂಟು, ನಂಜನಗೂಡಿನವರಿಗೆ ಕಪಿಲೆಯುಂಟು. ಬೆಂಗಳೂರಿನವರಿಗೆ ಹೆಸರು ಹೇಳಿಕೊಳ್ಳುವಂಥ ದೊಡ್ಡ ಹೊಳೆಯೊಂದೂ ಇಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದ ದಿಣ್ಣೆಯ ಮೇಲೆ ಕುಳಿತ ಈ ಊರಿಗೆ ಬಹುಕಾಲ ಬಿದ್ದ ಮಳೆಯೇ ಗತಿಯಾಗಿತ್ತು. ಆ ಮಳೆಯನ್ನು ಹಿಡಿದಿಡಲು ಹಿರಿಯರು ಕಂಡುಕೊಂಡ ಉಪಾಯವೇ ಕೆರೆ. ಬೇರೆ ಊರುಗಳು ಹೊಳೆಯ ದಂಡೆಯಲ್ಲಿ ಬೆಳೆದಂತೆ ಬೆಂಗಳೂರು ಕೆರೆಗಳ ದಂಡೆಯಲ್ಲಿ ಬೆಳೆಯಿತು.

ಇತ್ತೀಚಿನ ವರ್ಷಗಳಲ್ಲಿ ನಗರದ ದಕ್ಷಿಣ ಭಾಗದಲ್ಲಿ, ಅಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ, ಭಾನುವಾರ ಬೆಳಿಗ್ಗೆ ಕಾಲ್ನಡಿಗೆಯಲ್ಲಿ ಹೊರಡುವವರನ್ನೂ ಸೈಕಲ್ ಏರಿ ಹೊರಡುವವರನ್ನೂ ಬಹಳವಾಗಿ ಕಾಣುತ್ತೇವೆ. ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಹಲವರಿಂದ ಬರುವ ಉತ್ತರ ‘ಕೆರೆಯ ಕಡೆಗೆ’ ಎಂದು. ಇದು ಸಂತೋಷದ ವಿಷಯವೇ ಸರಿ. ಆದರೆ ಅವರು ತುಳಿಯುವ ದಾರಿ ಯಾವುದು, ಅದನ್ನು ಯಾರು, ಏಕೆ ಹಾಕಿದರು ಎಂಬುದನ್ನು ತಿಳಿದು ನಡೆದರೆ ಸಂತೋಷದ ಜೊತೆಗೆ ಒಂದು ಎಚ್ಚರವೂ ಹುಟ್ಟೀತು. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಕೆರೆಯ ಕಟ್ಟಡವನ್ನು ನೋಡೋಣ. ಇಳಿಜಾರಾದ ನೆಲದಲ್ಲಿ ನೀರು ಹರಿದು ಬರುವ ತಗ್ಗನ್ನು ಗುರುತಿಸಿ, ಅದರ ಕೆಳಗಣ ಬದಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿದರೆ ಕೆರೆಯಾಯಿತು. ಈ ಒಡ್ಡಿಗೆ ನಮ್ಮ ಹೆಸರು ಏರಿ. ನೆರೆಯ ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಒಡ್ಡಿಲ್ಲದೆ ಕೆರೆಯಿಲ್ಲವೆಂಬುದನ್ನು ಆ ಮಾತೇ ಹೇಳುತ್ತದೆ. ಏರಿಯ ನಡುವೆ ಕಲ್ಲಿನ ತೂಬು. ಅದರ ಬಾಯಿ ತೆರೆದರೆ ಕೆಳಗಣ ಗದ್ದೆಗೆ ನೀರು. ಹಾಗೆ ನೀರುಣ್ಣುವ ಭೂಮಿಯೇ ಅಚ್ಚುಕಟ್ಟು. ಕೆರೆ ತುಂಬಿ ಮಿಕ್ಕ ನೀರು ಏರಿಯನ್ನು ಕೊಚ್ಚದಂತೆ ಹೊರಗೆ ಹೋಗಲು ಏರಿಯ ತುದಿಯಲ್ಲಿ ಕೋಡಿ. ಕೋಡಿಯಿಂದ ಹೊರಟ ನೀರು ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ ಸೇರುತ್ತದೆ. ಅದು ತುಂಬಿದರೆ ಅದರ ಕೋಡಿಯಿಂದ ಮತ್ತೊಂದಕ್ಕೆ. ಸಿಂಹಳ ದ್ವೀಪದ ಒಣಸೀಮೆಯಲ್ಲಿಯೂ ಕೆರೆಗಳನ್ನು ಹೀಗೆಯೇ ಸರಪಳಿಯಾಗಿ ಕಟ್ಟಿದ್ದಾರೆ. ತೂಬನ್ನು ತೆರೆದು ಮುಚ್ಚಿ ಯಾರ ಗದ್ದೆಗೆ ಎಷ್ಟು ನೀರೆಂಬುದನ್ನು ನೋಡಿಕೊಳ್ಳುತ್ತಿದ್ದವನು ನೀರುಗಂಟಿ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಹಳೆಯ ಕೆರೆಗೆ ಏರಿಯಿದ್ದುದು ನೀರನ್ನು ತಡೆಯುವ ಬದಿಗೆ ಮಾತ್ರ. ಮಿಕ್ಕ ಬದಿಗಳು ತೆರೆದ ನೆಲ. ಮಳೆಗಾಲದಲ್ಲಿ ಆ ನೆಲದ ಮೇಲೆ ನೀರು ಹರಿದು ಕೆರೆಗೆ ಇಳಿಯುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ದನ ಮೇಯುತ್ತಿದ್ದುವು, ರೈತರು ಕೆರೆಗೋಡು ಹೊಡೆಯುತ್ತಿದ್ದರು. ಏರಿ ಮಾತ್ರ ವರ್ಷವಿಡೀ ಒಣಗಿದ, ಗಟ್ಟಿಯಾದ, ಎತ್ತರದ ನೆಲ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕೆಸರುಗದ್ದೆ. ಗಾಡಿ ಹೋಗಬೇಕಾದರೆ ಏರಿಯ ಮೇಲೆಯೇ ಹೋಗಬೇಕು. ಸಂತೆಗೆ ಹೋಗುವವರೂ ನೆಂಟರ ಊರಿಗೆ ಹೋಗುವವರೂ ಏರಿಯ ದಾರಿಯನ್ನೇ ಹಿಡಿದರು. ಹಾಗೆ ತುಳಿದು ತುಳಿದು ಏರಿ ಗಟ್ಟಿಯಾಯಿತು. ದಾರಿಹೋಕರ ಕಣ್ಣು ದಿನವೂ ಅದರ ಮೇಲಿದ್ದುದರಿಂದ ಇಲಿಬಿಲ, ಬಿರುಕು, ಜಿನುಗು ಏನೇ ಕಂಡರೂ ಊರಿಗೆ ಸುದ್ದಿ ಮುಟ್ಟುತ್ತಿತ್ತು. ಕೆರೆ ದಾರಿಯನ್ನು ಕೊಟ್ಟಿತು, ದಾರಿ ಕೆರೆಯನ್ನು ಕಾಯಿತು.

ಈ ಏರ್ಪಾಡು ಎಷ್ಟು ಹಳೆಯದೆಂಬುದಕ್ಕೆ ಶಾಸನಗಳ ಆಧಾರವುಂಟು. ಕೆಂಪೇಗೌಡರು ಬೆಂಗಳೂರು ಪೇಟೆಯನ್ನು ಕಟ್ಟಿಸಿದ್ದು 1537ರಲ್ಲಿ. ಅದಕ್ಕೂ ಆರೂವರೆ ಶತಮಾನ ಹಿಂದೆ, ಸುಮಾರು 890ರ ಗಂಗರ ಕಾಲದ ಬೇಗೂರಿನ ಶಾಸನವೊಂದು ಬೆಂಗಳೂರಿನ ಕಾಳಗವನ್ನು ಹೇಳುತ್ತದೆ. ಈ ಊರಿನ ಹೆಸರು ಬರವಣಿಗೆಯಲ್ಲಿ ಕಾಣಬರುವ ಅತಿ ಹಳೆಯ ಶಾಸನಗಳಲ್ಲಿ ಇದು ಮುಖ್ಯವಾದುದು. ಅದೇ ಒಂಬತ್ತನೆಯ ಶತಮಾನದ ಅಗರದ ಶಾಸನ ಕೆರೆಗಳಿಗೆ ತೂಬು ಇರಿಸಿದ ಮತ್ತು ಹೊಸ ಕೆರೆ ಕಟ್ಟಿಸಿದ ಕಾರ್ಯವನ್ನು ಸ್ಮರಿಸುತ್ತದೆ. ಇನ್ನು ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆಯ ಮೇಲೆ ತಮಿಳು ಮತ್ತು ಗ್ರಂಥಾಕ್ಷರದ ಬರಹಗಳಿವೆ. ಅವುಗಳಲ್ಲಿ 1247ರದು, ಬೇಗೂರಿನ ಒಬ್ಬ ನಿವಾಸಿ ದಾನವಾಗಿ ಕೊಟ್ಟ ಭೂಮಿಯನ್ನು ಕುರಿತದ್ದು. ಆ ಭೂಮಿ ಎಲ್ಲಿಯದು? ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನದು! ಇಂದು ನಾವು ಮನೆಯ ನಂಬರನ್ನೂ ಅಡ್ಡರಸ್ತೆಯನ್ನೂ ಹೇಳುವಂತೆ ಅಂದಿನವರು ಕೆರೆಯನ್ನು ಹೇಳಿದರು, ಗುರುತು ಸಾಕಾಯಿತು.

ಕೆರೆ ಕಟ್ಟಿದವರಿಗೂ ಕಾಪಾಡಿದವರಿಗೂ ಬಿಡುತ್ತಿದ್ದ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ಶಾಸನಗಳಲ್ಲಿ ಬಳಕೆಯಾಗಿವೆ. ಮಂತ್ರಿ ಲಕ್ಷ್ಮೀಧರನಿಗೆ ಬಾಲ್ಯದಲ್ಲಿ ತಾಯಿ ಬೋಧಿಸಿದ ಧರ್ಮಗಳಲ್ಲಿ ಕೆರೆ ಕಟ್ಟಿಸುವುದು ಮೊದಲನೆಯದೆಂದು ವಿಜಯನಗರ ಕಾಲದ ಶಾಸನ ಹೇಳುವುದನ್ನು ಶಾಲೆಯಲ್ಲಿ ಕನ್ನಡ ಓದಿದವರೆಲ್ಲ ಬಲ್ಲರು. ಜನಪದರ ‘ಕೆರೆಗೆ ಹಾರ’ದಲ್ಲಿ ಸೊಸೆ ಭಾಗೀರಥಿಯನ್ನೇ ಕೆರೆಗೆ ಕೊಟ್ಟ ಕಥೆಯಿದೆ. ಆ ಕ್ರೂರ ಕಲ್ಪನೆಯ ಹಿಂದೆ ಇರುವುದು, ಕೆರೆಗೆ ನೀರು ಬಾರದಿದ್ದರೆ ಊರೇ ಉಳಿಯಲಾರದೆಂಬ ಭಯ.

ಊರುಗಳ ಹೆಸರನ್ನು ಬಿಡಿಸಿ ನೋಡಿದರೂ ನೀರೇ ತೊಟ್ಟಿಕ್ಕುತ್ತದೆ. ಭೈರಸಂದ್ರ, ಸಿಂಗಸಂದ್ರ, ಹೊಂಗಸಂದ್ರಗಳ ಕೊನೆಯ ‘ಸಂದ್ರ’ ಸಮುದ್ರ ಶಬ್ದದ ತದ್ಭವ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ನಾಡಿನ ಹಳೆಯ ರೂಢಿ. ಅರೆಕೆರೆ, ತಾವರೆಕೆರೆಗಳಂತೂ ವಿವರಣೆಯನ್ನೇ ಬೇಡುವುದಿಲ್ಲ. ಇನ್ನು ಬಿ.ಟಿ.ಎಂ. ಎಂಬ ಮೂರಕ್ಷರ! ಅದು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳು. ಮೂರರಲ್ಲಿ ಎರಡು ಹೆಸರು ಕೆರೆಯವು, ಮೂರನೆಯದು ಕೆರೆಯನ್ನೇ ಪಕ್ಕದಲ್ಲಿಟ್ಟುಕೊಂಡದ್ದು. ಅಲ್ಲಿಯೇ ಹತ್ತಿರದ ಕೋಡಿಚಿಕ್ಕನಹಳ್ಳಿಯಿಂದ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗನೊಬ್ಬನನ್ನು ಕೋಡಿ ಎಂದರೇನೆಂದು ಒಮ್ಮೆ ಕೇಳಿದೆ. ‘ಬಸ್ಸಿನ ಬೋರ್ಡಿನಲ್ಲಿ ಬರೆದಿರುತ್ತೆ ಸಾರ್’ ಎಂದನು. ಅವನನ್ನು ನಗುವ ಹಾಗಿಲ್ಲ. ಕೋಡಿಯನ್ನು ಕಂಡವನಿಗೆ ತಾನೆ ಕೋಡಿ ಎಂಬ ಮಾತು ಬೇಕಾದೀತು?

ಈಗ ದಾರಿ ಹಿಡಿಯೋಣ. ಲಾಲ್‌ಬಾಗಿನ ಬಂಡೆಯಿಂದ ಹೊರಡುವುದು ಯೋಗ್ಯ. ಸುಮಾರು 300 ಕೋಟಿ ವರ್ಷ ಪ್ರಾಯದ್ದೆಂದು ಭೂವಿಜ್ಞಾನಿಗಳು ಹೇಳುವ ಈ ಬಂಡೆಯ ನೆತ್ತಿಯಲ್ಲಿ ಕೆಂಪೇಗೌಡ ಗೋಪುರವಿದೆ. ಊರು ಈ ಗಡಿಯನ್ನು ಮೀರಿ ಬೆಳೆಯದೆಂದು ಹಿಂದಿನವರು ಭಾವಿಸಿದ್ದರೆಂಬ ಪ್ರತೀತಿಯುಂಟು. ಅದರ ದಕ್ಷಿಣಕ್ಕೆ ಜಯನಗರದ ಕೆಲಸ 1948ರಲ್ಲಿ ಮೊದಲಾಯಿತು; ಗಡಿಯ ಮಾತು ಅಲ್ಲಿಗೆ ಮುಗಿಯಿತು.

ದಕ್ಷಿಣ ಬೆಂಗಳೂರಿನಲ್ಲಿ ನಡೆಯುವವನು ತನಗೆ ತಿಳಿಯದೆಯೇ ದೊಡ್ಡದೊಂದು ನೀರುದಿಣ್ಣೆಯನ್ನು ದಾಟುತ್ತಿರುತ್ತಾನೆ. ಬಸವನಗುಡಿಯ ದೊಡ್ಡ ಬಸವಣ್ಣನ ಬಳಿ ಹುಟ್ಟುವುದೆಂದು ಪ್ರಸಿದ್ಧವಾದ ವೃಷಭಾವತಿ ಪಶ್ಚಿಮದ ಇಳಿಜಾರಿನ ನೀರನ್ನು ಹೊತ್ತು ಅರ್ಕಾವತಿಯನ್ನು ಸೇರಿ, ಅದರ ಮೂಲಕ ಕಾವೇರಿಗೆ ಮುಟ್ಟಿಸುತ್ತದೆ. ಪೂರ್ವದ ಇಳಿಜಾರಿನ ನೀರು ಕೋರಮಂಗಲದ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಎರಡು ನದಿಗಳ ಪಾಲಾಗಿ ತಮಿಳುನಾಡನ್ನು ಹಾದು, ಬೇರೆ ಬೇರೆ ಕಡೆ ಕಡಲು ಸೇರುತ್ತವೆ.

ಈ ಏರಿಳಿತವನ್ನು ಮೋಟಾರಿನಲ್ಲಿ ಹೋಗುವವನು ಅರಿಯಲಾರನು, ಸೈಕಲ್ಲಿನವನು ಅರಿಯುತ್ತಾನೆ. ಪೆಡಲು ಭಾರವಾಯಿತೆಂದರೆ ದಿಣ್ಣೆ, ತಾನೇ ಓಡಿತೆಂದರೆ ಕಣಿವೆ, ಕಣಿವೆಯ ತಳದಲ್ಲಿ ಕೆರೆಯೋ ಕಾಲುವೆಯೋ ಇದ್ದೇ ಇರಬೇಕು. ಗಂಟೆಗೆ ಇಷ್ಟೆಂದು ಬಾಡಿಗೆ ಸೈಕಲ್ ಸಿಗುತ್ತಿದ್ದ ಕಾಲದಲ್ಲಿ, ದೀಪವಿಲ್ಲದ ಸೈಕಲ್ಲಿಗೆ ಪೋಲೀಸರು ದಂಡ ಹಾಕುತ್ತಿದ್ದ ಕಾಲದಲ್ಲಿ, ಬೆಂಗಳೂರಿನ ಹುಡುಗರಿಗೆಲ್ಲ ಈ ಭೂಗೋಳ ಮೊಣಕಾಲಿನಲ್ಲಿಯೇ ಇತ್ತು.

ಮೊದಲನೆಯ ದಾರಿ ಪೂರ್ವಕ್ಕೆ. ಜಯನಗರದ ಅಂಚಿನಲ್ಲಿ ಮನೆಗಳ ನಡುವೆ ಸಣ್ಣದಾಗಿ ಉಳಿದಿರುವ ಭೈರಸಂದ್ರದ ಕೆರೆಯನ್ನು ನೋಡಿಕೊಂಡು ಮಡಿವಾಳದ ಕೆರೆಗೆ ಬರಬಹುದು. ಇದು ನಗರದ ದೊಡ್ಡ ಕೆರೆಗಳಲ್ಲೊಂದು. ನೀರುಕಾಗೆ, ನಾಮದಕೋಳಿಗಳನ್ನು ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ಜಾಗ. ಅಲ್ಲಿಂದ ಸೋಮೇಶ್ವರ ದೇವಾಲಯದ ಶಾಸನಗಳನ್ನು ಕಂಡು ಅಗರದ ಕೆರೆಗೆ ಸಾಗಬಹುದು. ಮಡಿವಾಳದ ನೀರು ಅಗರಕ್ಕೆ, ಅಗರದ ನೀರು ಬೆಳ್ಳಂದೂರಿಗೆ ಇಳಿಯತಕ್ಕದ್ದು. ಆದ್ದರಿಂದ ಈ ದಾರಿಯಲ್ಲಿ ನಾವು ನೀರಿನ ಜೊತೆಗೆ ನಡೆಯುತ್ತೇವೆ.

ಎರಡನೆಯ ದಾರಿ ದಕ್ಷಿಣಕ್ಕೆ. ಗಣೇಶ ಚತುರ್ಥಿಯಲ್ಲಿ ಮೂರ್ತಿಗಳನ್ನು ಬಿಡಲು ಜನ ಕಿಕ್ಕಿರಿಯುವ ಯಡಿಯೂರು ಕೆರೆಯಿಂದ ಹೊರಟು, ಬನಶಂಕರಿಯನ್ನು ದಾಟಿ ಸಾರಕ್ಕಿಗೆ; ಸಾರಕ್ಕಿಯಿಂದ ಸ್ವಲ್ಪ ದೂರದಲ್ಲೇ ಜೆ.ಪಿ. ನಗರದ ಪುಟ್ಟೇನಹಳ್ಳಿಗೆ, ಮುಂದೆ ಕೊತ್ತನೂರು ದಿಣ್ಣೆ. ಹೆಸರೇ ಎಚ್ಚರಿಸುವಂತೆ ಇಲ್ಲಿ ಸೈಕಲ್ಲಿನವರಿಗೆ ಉಸಿರು ಬರುತ್ತದೆ. ದಿಣ್ಣೆಯಿಳಿದರೆ ಅರೆಕೆರೆ, ಹುಳಿಮಾವು, ಕೊನೆಗೆ ಬೇಗೂರು. ಅಲ್ಲಿ ನಾಗೇಶ್ವರನ ಗುಡಿಯೂ ಶಾಸನವೂ ಕೆರೆಯೂ ಒಂದೆಡೆಯೇ ಇವೆ. ಯಡಿಯೂರಿನಿಂದ ಬೇಗೂರಿನವರೆಗೆ ಒಂದು ಬೆಳಗಿನ ಪ್ರಯಾಣದಲ್ಲಿ ಸಾವಿರದ ನೂರು ವರ್ಷಗಳ ಚರಿತ್ರೆ ಬಂದುಹೋಗುತ್ತದೆ.

ಇಷ್ಟೊಂದು ಕೆರೆಗಳಿದ್ದ ಊರಿನಲ್ಲಿ ಎಷ್ಟೋ ಕೆರೆಗಳು ಹೋದದ್ದು ಹೇಗೆ? 1896ರಲ್ಲಿ ಹೆಸರಘಟ್ಟದಿಂದ ನಲ್ಲಿನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ಮನೆಯೊಳಗೆ ನಲ್ಲಿ ಬಂದ ಮೇಲೆ ಮನೆಯ ಹೊರಗಿನ ಕೆರೆ ಬೇಡವಾಯಿತು. ಅಚ್ಚುಕಟ್ಟಿನ ಗದ್ದೆ ಸೈಟುಗಳಾದ ಮೇಲೆ ತೂಬು ತೆರೆಯುವ ಕೆಲಸವೇ ಉಳಿಯಲಿಲ್ಲ, ನೀರುಗಂಟಿಯೂ ಉಳಿಯಲಿಲ್ಲ. ಸೊಳ್ಳೆಯ ತವರೆಂಬ ಅಪವಾದ ಬೇರೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಾಯಿತು. ವಸಂತನಗರದಲ್ಲಿ ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು ಉಳಿದಿದೆ. ಕೆರೆಯೂ ಇಲ್ಲ, ಏರಿಯೂ ಇಲ್ಲ. 1985ರಲ್ಲಿ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯ ಸಮಿತಿಯನ್ನು ಸರ್ಕಾರ ನೇಮಿಸಿತು. ಇರುವ ಕೆರೆಗಳನ್ನು ಒಡೆಯದೆ ಕಾಪಾಡಬೇಕೆಂಬುದು ಅದರ ಸಲಹೆ. ಸಲಹೆ ಬಂದ ಮೇಲೂ ಒತ್ತುವರಿ ನಿಲ್ಲಲಿಲ್ಲ.

ಆದರೂ ನಿರಾಶೆಗೆ ಕಾರಣವಿಲ್ಲವೆನ್ನಲು ನಮ್ಮ ಈ ದಕ್ಷಿಣ ಭಾಗದಲ್ಲಿಯೇ ನಿದರ್ಶನಗಳಿವೆ. ಸುಮಾರು 82 ಎಕರೆಯ ಸಾರಕ್ಕಿ ಕೆರೆಯಲ್ಲಿ 30 ಎಕರೆಗೂ ಮಿಗಿಲಾದ ಒತ್ತುವರಿಯನ್ನು ಜಿಲ್ಲಾಡಳಿತ 2015ರ ಏಪ್ರಿಲ್‌ನಲ್ಲಿ ತೆರವು ಮಾಡಿಸಿತು. ಸುಮಾರು 13 ಎಕರೆಯ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟೊಂದನ್ನು ಕಟ್ಟಿಕೊಂಡು ಕೆರೆಯ ಪಾಲನೆಗೆ ನಿಂತರು. ಬತ್ತಿ ಕಸದ ಗುಂಡಿಯಾಗಲಿದ್ದ ಸ್ಥಳದಲ್ಲಿ ನೀರೂ ಹಕ್ಕಿಗಳೂ ಮರಳಿ ಬಂದುವು. ಬೆಳಗಿನ ಹೊತ್ತು ಅಲ್ಲಿ ನಡೆಯುವವರನ್ನು ನೋಡಿದರೆ ದಾರಿ ಕೆರೆಯನ್ನು ಕಾಯುತ್ತದೆಂಬ ಹಳೆಯ ನ್ಯಾಯ ಇಂದಿಗೂ ಸಲ್ಲುತ್ತದೆಂದು ತೋರುತ್ತದೆ.

ಬರಿಯ ದಾರಿ ಮಾಡಿಟ್ಟರೆ ಸಾಲದೆಂಬುದಕ್ಕೂ ಇಲ್ಲಿಯೇ ಉದಾಹರಣೆಯುಂಟು. 2012ರ ಸುಮಾರಿಗೆ ಜಯನಗರದ ಬೀದಿಗಳ ಪಕ್ಕದಲ್ಲಿ ಸೈಕಲ್ಲಿಗೆಂದೇ ಪ್ರತ್ಯೇಕ ಹಾದಿ ಗುರುತು ಮಾಡಿದರು. ಬಳಸುವವರು ಕಡಮೆಯಾದರು, ಕಾರುಗಳು ಬಂದು ನಿಂತುವು, ಹಾದಿ ಕಾರುಗಳ ಪಾಲಾಯಿತು. ತುಳಿಯದ ದಾರಿ ಉಳಿಯದು.

ಹಾಗಾದರೆ ತುಳಿದ ದಾರಿಯೆಲ್ಲ ಕೆರೆಗೆ ಒಳಿತೆ? ಇಲ್ಲಿಯೇ ನಾನು ಆಗಲೇ ಮನಸ್ಸಿನಲ್ಲಿಡಿ ಎಂದ ಸಂಗತಿ ಮುಂದೆ ಬರುತ್ತದೆ. ಈಗ ಕೆರೆಗಳನ್ನು ಸುಧಾರಿಸುವಾಗ ಹಲವೆಡೆ ಸುತ್ತಲೂ ಒಡ್ಡು ಎತ್ತಿ, ಅದರ ಮೇಲೆ ನಡೆಯುವ ಹಾದಿ ಹಾಕಿ, ಬೇಲಿ ಬಿಗಿಯುತ್ತಾರೆ. ನಡೆಯುವವರಿಗೆ ಸುತ್ತು ಹಾಕಲು ಅನುಕೂಲ. ಆದರೆ ಕೆರೆ ಬಟ್ಟಲಿನಂತಾಗುತ್ತದೆ. ಹಿಂದೆ ತೆರೆದಿದ್ದ ಬದಿಗಳಿಂದ ಹರಿದು ಬರುತ್ತಿದ್ದ ಮಳೆನೀರು ಆ ಹಾದಿಗೆ ತಡೆದು ಬೇರೆ ಕಡೆಗೆ ಹೋಗುತ್ತದೆ. ಬೇಸಿಗೆಯಲ್ಲಿ ದನ ಮೇಯುತ್ತಿದ್ದ, ಹಕ್ಕಿ ಕಾಲಿಡುತ್ತಿದ್ದ ತೆಳುನೀರಿನ ಅಂಚು ಮಾಯವಾಗುತ್ತದೆ. ಸುತ್ತಲೂ ಏರಿಯಿದ್ದು ನೀರಿಲ್ಲದ ಕೆರೆಗೆ ನಾವು ಸುತ್ತು ಹಾಕಬೇಕಾದೀತು.

ಸುಧಾರಣೆಯವರ ಕಷ್ಟವೂ ಸುಳ್ಳಲ್ಲ. ರಾಜಕಾಲುವೆಗಳಲ್ಲಿ ಮಳೆನೀರಿನ ಜೊತೆಗೆ ಮನೆಗಳ ಕೊಳಚೆಯೂ ಬರುತ್ತದೆ. ಅದನ್ನು ಒಳಗೆ ಬಿಟ್ಟರೆ ಗತಿಯೇನೆಂಬುದನ್ನು ಬೆಳ್ಳಂದೂರು ತೋರಿಸಿದೆ. ನೊರೆಯುಕ್ಕಿದ ಆ ಕೆರೆಗೆ 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಬೆಂಕಿ ಬಿದ್ದುದನ್ನು ಲೋಕವೇ ಕಂಡಿತು. ಕೊಳಚೆಗೆ ಹೆದರಿ ಬಾಗಿಲು ಮುಚ್ಚಿದರೆ ಮಳೆಯೂ ಹೊರಗೆ ಉಳಿಯುತ್ತದೆ. ಬಾಗಿಲು ತೆರೆದರೆ ಕೊಳಚೆಯೂ ಒಳಗೆ ಬರುತ್ತದೆ. ಕಾಲುವೆಯನ್ನು ಶುದ್ಧ ಮಾಡದೆ ಕೆರೆಯನ್ನು ಮಾತ್ರ ಅಂದ ಮಾಡಲಾಗದೆಂಬುದೇ ಇದರ ತಾತ್ಪರ್ಯ.

ಏರಿಯೆಂಬುದು ಬರಿಯ ವಾಯುವಿಹಾರದ ಜಗಲಿಯಲ್ಲವೆಂಬುದನ್ನು ಹುಳಿಮಾವಿನವರು ಮರೆಯಲಾರರು. 2019ರ ನವೆಂಬರ್ 24ರಂದು ಅಲ್ಲಿಯ ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಅಡಿಗೆಮನೆಯ ಪಾತ್ರೆ, ಮಕ್ಕಳ ಪುಸ್ತಕ, ಹಾಸಿಗೆ ಎಲ್ಲವೂ ಕೆಸರಿನ ಪಾಲು. ಹಿಂದೆ ಏರಿಯ ಕೆಳಗೆ ಗದ್ದೆಯಿತ್ತು. ಈಗ ಇರುವುದು ಮನೆ. ಏರಿಯನ್ನು ಕಾಯುವ ಅಗತ್ಯ ಹಿಂದಿಗಿಂತ ಹೆಚ್ಚಾಗಿದೆಯೇ ಹೊರತು ಕಡಮೆಯಾಗಿಲ್ಲ.

ಆದ್ದರಿಂದ ಕೆರೆಯ ಕಡೆಗೆ ಹೊರಡುವ ವಾಚಕರಲ್ಲಿ ನನ್ನದೊಂದು ಬಿನ್ನಹ. ಒಂದೇ ಕೆರೆಗೆ ಹತ್ತು ಸುತ್ತು ಹಾಕುವ ಬದಲು ವಾರಕ್ಕೊಮ್ಮೆಯಾದರೂ ಕೆರೆಯಿಂದ ಕೆರೆಗೆ ಹೋಗಿರಿ. ಸೈಕಲ್ಲನ್ನು ಬಾಗಿಲಲ್ಲಿ ನಿಲ್ಲಿಸಿ ಏರಿಯ ಮೇಲೆ ನಡೆಯಿರಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಹುಡುಕಿರಿ. ತೂಬಿನ ಕಲ್ಲುಗಂಬಗಳು ಎಲ್ಲಿಯಾದರೂ ಉಳಿದಿದ್ದರೆ ಮಕ್ಕಳಿಗೆ ತೋರಿಸಿ ಹೆಸರು ಹೇಳಿರಿ. ಕೋಡಿಯ ನೀರು ಕೆಳಗಿನ ಕೆರೆಯನ್ನು ಮುಟ್ಟುವವರೆಗೆ ಕಾಲುವೆಯ ಪಕ್ಕದ ಬೀದಿಗಳಲ್ಲೇ ಸಾಗಿರಿ; ಎಲ್ಲಿ ಅದರ ಮೇಲೆ ಗೋಡೆ ಎದ್ದಿದೆ, ಎಲ್ಲಿ ಅದಕ್ಕೆ ಕಸ ಸುರಿದಿದ್ದಾರೆ ಎಂಬುದು ನಡೆಯುವವನ ಕಣ್ಣಿಗೆ ತಪ್ಪದು. ಕಂಡದ್ದನ್ನು ಬರೆದು ಪಾಲಿಕೆಯ ಕಚೇರಿಗೆ ಕೊಡಿರಿ. ನೀರುಗಂಟಿಯ ಕೆಲಸದಲ್ಲಿ ಅರ್ಧ ಕೆಲಸ ಹೀಗೆ ನಡೆದು ನೋಡುವುದೇ ಆಗಿತ್ತು. ಮುಂದಿನ ಮುಂಗಾರಿನಲ್ಲಿ ನಿಮ್ಮ ಬಡಾವಣೆಯ ಕೆರೆ ಕೋಡಿ ಬಿದ್ದಿತೆಂದು ಕೇಳಿದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಆ ನೀರು ಹೊರಬೀಳುವ ಜಾಗವನ್ನು ತೋರಿಸಿರಿ. ಕೋಡಿ ಎಂದರೇನೆಂದು ಆಮೇಲೆ ಯಾವ ಮೇಷ್ಟರೂ ಅವರಿಗೆ ಹೇಳಿಕೊಡಬೇಕಾಗುವುದಿಲ್ಲ.